ಮಣಿಕಟ್ಟಿನ ಬೂದಿ

"ಕೈ ಜಾರಿತು," ಎಂದ ಉರುಕುಂದಪ್ಪ. ಯಾರೂ ಇನ್ನೂ ಏನೂ ಕೇಳಿರಲಿಲ್ಲ.

ಮಾನ್ವಿಯ ಸಂತೆ ಬಯಲಿನಲ್ಲಿ, ಸುಣ್ಣ ಎಳೆದ ನಡುಗೆರೆಯ ಮೇಲೆ, ಗಡಿಗೆಪ್ಪ ಬಲಗೈಯನ್ನು ಮೈಯಡಿ ಸಿಕ್ಕಿಸಿಕೊಂಡು ಬೋರಲಾಗಿ ಬಿದ್ದಿದ್ದ. ಅವನ ಬೆನ್ನ ಮೇಲಿಂದ ದೇವದುರ್ಗದ ದುರುಗಪ್ಪ ಆಗತಾನೇ ಎದ್ದಿದ್ದ. ದುರುಗಪ್ಪ ಕಲ್ಲು ಒಡೆಯುವ ಆಳು, ಇಬ್ಬರ ತೂಕ ಅವನೊಬ್ಬನದೇ. ಹುತುತು ಎನ್ನುತ್ತ ಉಸಿರು ಬಿಡದೆ ಬಂದು, ತಡೆದವನನ್ನೂ ಎಳೆದುಕೊಂಡು ಹೋಗಿ ಗೆರೆ ಮುಟ್ಟಿದ್ದಕ್ಕೆ ಅವನ ಊರಿನವರು ರುಮಾಲು ಹಾರಿಸಿ ಕೂಗುತ್ತಿದ್ದರು. ಗಡಿಗೆಪ್ಪನನ್ನು ಮಗುಚಿದಾಗ ಕೂಗು ನಿಂತಿತು. ಅವನ ಬಲ ಹೆಗಲು ಇರಬೇಕಾದ ಜಾಗದಲ್ಲಿ ಇರಲಿಲ್ಲ.

"ನೀರು, ನೀರು ಕೊಡ್ರಿ," ಎಂದು ಉರುಕುಂದಪ್ಪ ಯಾರದೋ ಕೈಯಿಂದ ತಂಬಿಗೆ ಕಿತ್ತುಕೊಂಡ. ಗಡಿಗೆಪ್ಪನ ಬಾಯಿಗೆ ಎರಡು ಗುಟುಕು ಹಾಕಿದ. ಉಳಿದದ್ದನ್ನು ಅವನ ಬಲ ಮಣಿಕಟ್ಟಿನ ಮೇಲೆ ಸುರಿದು, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ತೊಳೆದ. ಸುತ್ತ ನಿಂತವರಿಗೆ ಅದು ಅಕ್ಕರೆಯಾಗಿಯೇ ಕಂಡಿತು. ತನ್ನ ಜಾಗ ಕಸಿದುಕೊಂಡ ಹುಡುಗನಿಗೆ ಇಷ್ಟು ಮಾಡುವವರು ಯಾರಿದ್ದಾರೆ ಎಂದು ಒಬ್ಬ ಮುದುಕ ಅಂದದ್ದೂ ಉರುಕುಂದಪ್ಪನ ಕಿವಿಗೆ ಬಿತ್ತು.

ಜನರನ್ನು ಸರಿಸಿಕೊಂಡು ಅಬ್ದುಲ್ ವಹೀದ್ ಬಂದರು. ರಾಯಚೂರು ಸ್ಟೇಷನ್ನಿನ ಹಿಂದಿನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕಾರ್ಖಾನೆಗೆ ಅವರು ಜಮಾದಾರರು; ಕಬಡ್ಡಿಯಂಥ ಹುತುತು ಆಟದ ಜಿನ್ನಿನ ತಂಡಕ್ಕೆ ಉಸ್ತಾದರು.

"ಏನಾತಲೇ?"

"ಬೆವರಿಗೆ ಕೈ ಜಾರಿತ್ರಿ ಉಸ್ತಾದ್ರೇ."

"ಬೂದಿ ಹಚ್ಚಿದ ಕೈ ಹೆಂಗ ಜಾರತದಪ?"

ಕೇಳಬೇಕಾದ ಮಾತೇ. ಜಿನ್ನಿನ ಬಾಯ್ಲರಿನ ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಚೀಲಕ್ಕೆ ತುಂಬಿ, ಪ್ರತಿ ಆಟಕ್ಕೆ ಮುಂಚೆ ವಹೀದರೇ ಒಬ್ಬೊಬ್ಬರ ಅಂಗೈಗೆ ಹಾಕುತ್ತಿದ್ದರು. ಎದುರಿನವನು ನುಗ್ಗಿ ಬಂದಾಗ ಜಿನ್ನಿನವರು ಇಬ್ಬಿಬ್ಬರು ಜೋಡಿಯಾಗಿ ನಿಲ್ಲುವುದು ರೂಢಿ. ಒಬ್ಬ ತನ್ನ ಮಣಿಕಟ್ಟು ಕೊಡುತ್ತಾನೆ. ಇನ್ನೊಬ್ಬ ಅದನ್ನು ಹಿಡಿದು ಹಿಮ್ಮಡಿ ನೆಲಕ್ಕೆ ಊರುತ್ತಾನೆ. ಮಣಿಕಟ್ಟು ಕೊಟ್ಟವನು ಹಿಂದೆ ನೋಡುವ ಹಾಗಿಲ್ಲ. ಹಿಂದೆ ಕೈ ಇದೆ ಎಂದೇ ಅವನು ಮುಂದೆ ಬೀಳುತ್ತಾನೆ. ಬೂದಿ ಹಚ್ಚಿದ ಹಿಡಿತ ತಪ್ಪಿದ್ದನ್ನು ವಹೀದರು ಇದುವರೆಗೆ ಕಂಡಿರಲಿಲ್ಲ.

"ಇವನೇ ಮೈಗೆ ಎಣ್ಣಿ ಹಚ್ಚಿಕೊಂಡಿರಬೇಕ್ರಿ," ಎಂದ ಅಯ್ಯಣ್ಣ. ಅವನೂ ತಂಡದವನೇ, ಮನಸ್ಸಿಗೆ ಬಂದದ್ದು ಬಾಯಿಗೆ ಬರುವ ಜಾತಿ. "ಯಾರ ಕೈಗೂ ಸಿಗಬಾರದು ಅಂತ ಹೊಸಬರು ಹಂಗ ಮಾಡ್ತಾರ."

ವಹೀದರು ಬಗ್ಗಿ ಗಡಿಗೆಪ್ಪನ ಮಣಿಕಟ್ಟು ಮುಟ್ಟಿ ನೋಡಿದರು. ಒದ್ದೆಯಾಗಿತ್ತು. ಬೂದಿಯ ಜೊತೆ ತಿಕ್ಕಿ ತೊಳೆದ ಕೈಯಲ್ಲಿ ಎಣ್ಣೆ ಇತ್ತೋ ಇಲ್ಲವೋ ಹೇಗೆ ತಿಳಿಯಬೇಕು? ಅವರು ಉರುಕುಂದಪ್ಪನ ಮುಖ ನೋಡಿದರು.

ಇಲ್ಲ ಅನ್ನಬಹುದಿತ್ತು. ಒಂದೇ ಮಾತು, ಅರ್ಧ ಉಸಿರಿನ ಕೆಲಸ. "ಇರಬೇಕ್ರಿ," ಎಂದ ಉರುಕುಂದಪ್ಪ.

ಕೈ ಜಾರಿರಲಿಲ್ಲ. ಅವನು ಬಿಟ್ಟಿದ್ದ.

ಹನ್ನೊಂದು ವರ್ಷದಿಂದ ಉರುಕುಂದಪ್ಪ ಜಿನ್ನಿನ ಆಳು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹತ್ತಿಯ ಬೇಲು, ಅಂದರೆ ಮೂಟೆ, ಕಟ್ಟುವವರ ಸಾಲಿನಲ್ಲಿತ್ತು, ಆದರೆ ಅವನು ಕಟ್ಟಿದ ಬೇಲುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವನನ್ನು ಇಟ್ಟುಕೊಂಡದ್ದೇ ಹುತುತು ಆಡಲಿಕ್ಕೆ. ಎದುರಿನವರ ಅಂಗಳಕ್ಕೆ ನುಗ್ಗುವುದು ಅವನ ಕೆಲಸ, ಅದನ್ನು ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತೂ ಇರಲಿಲ್ಲ. ಅವನು ಗೆರೆ ದಾಟಿದರೆ ಮಾನ್ವಿ, ದೇವದುರ್ಗ, ಲಿಂಗಸುಗೂರಿನ ಜನ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು, ಮುಟ್ಟಿ ಮರಳಿದರೆ ಎದ್ದು ನಿಂತು ಕೂಗುತ್ತಿದ್ದರು. ಮದುವೆಯಾದಾಗ ಹೆಂಡತಿ ಯಮನಮ್ಮನ ತವರಿನವರು ವರನನ್ನು ನೋಡಲು ಮನೆಗೆ ಬಂದಿರಲಿಲ್ಲ, ಆಟಕ್ಕೆ ಬಂದಿದ್ದರು.

ಮೂವತ್ತನಾಲ್ಕಕ್ಕೆ ಮೊಣಕಾಲು ಸದ್ದು ಮಾಡತೊಡಗಿತು. ಆಗ ಕುರ್ಡಿಯಿಂದ ಗಡಿಗೆಪ್ಪ ಬಂದ. ಇಪ್ಪತ್ತೆರಡರ ಹುಡುಗ, ಮಾತು ಕಡಿಮೆ, ಉಸಿರು ಮಾತ್ರ ಮುಗಿಯುವುದೇ ಇಲ್ಲ. ಎರಡು ತಿಂಗಳ ಕೆಳಗೆ ವಹೀದರು ಉರುಕುಂದಪ್ಪನನ್ನು ಬೂದಿ ರಾಶಿಯ ಹತ್ತಿರ ಕರೆದು, "ಇನ್ನ ಮ್ಯಾಲೆ ನೀ ಕೈ ಹಿಡಿಯೋನಾಗು. ಗಡಿಗೆಪ್ಪ ನುಗ್ಗಲಿ. ನೀ ಹಿಂದ ಇದ್ರ ಅವ ಬೀಳಂಗಿಲ್ಲ," ಎಂದಿದ್ದರು. ಅದೂ ಒಂದು ಮರ್ಯಾದೆಯೇ, ಮನಸ್ಸಿದ್ದವನಿಗೆ. ಉರುಕುಂದಪ್ಪ ತಲೆಯಾಡಿಸಿದ್ದ. ಗಡಿಗೆಪ್ಪ ಬಂದು, "ಅಣ್ಣಾ, ನಿಮ್ಮ ಕೈ ಇದ್ರ ನನಗೇನು ಅಂಜಿಕಿಲ್ಲ," ಎಂದಾಗ ನಕ್ಕಿದ್ದ ಕೂಡ.

ಅಂದು ಮಾನ್ವಿಯಲ್ಲಿ ಗಡಿಗೆಪ್ಪ ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಬಂದ. ಜನ ಎದ್ದು ನಿಂತು ಕೂಗಿದರು. ಆ ಕೂಗು ಉರುಕುಂದಪ್ಪನಿಗೆ ಪರಿಚಿತವಾಗಿತ್ತು, ಹನ್ನೊಂದು ವರ್ಷ ಅದು ತನ್ನದೇ ಆಗಿತ್ತು. ಮರು ಗಳಿಗೆಗೆ ದುರುಗಪ್ಪ ನುಗ್ಗಿದ. ಗಡಿಗೆಪ್ಪ ಮಣಿಕಟ್ಟು ಕೊಟ್ಟು, ಎಡಗೈಯಿಂದ ಅವನ ಸೊಂಟ ಹಿಡಿದು ಬಿದ್ದ. ಒಮ್ಮೆ ಸೋಲಲಿ, ಆ ಕೂಗು ಒಮ್ಮೆ ನಿಲ್ಲಲಿ ಅನ್ನಿಸಿತು ಉರುಕುಂದಪ್ಪನಿಗೆ. ಅಷ್ಟೇ ಅನ್ನಿಸಿದ್ದು. ಬೆರಳು ಬಿಚ್ಚಿಕೊಂಡವು. ಹೆಗಲಿನ ಯೋಚನೆ ಅವನ ತಲೆಯಲ್ಲಿ ಇರಲೇ ಇಲ್ಲ. ಆದರೆ ಹಾಗೆಂದು ಯಾರ ಮುಂದೆ ಹೇಳುವುದು?

ನೀರು ಸುರಿಯುವ ಮುಂಚೆ ಅವನು ಗಡಿಗೆಪ್ಪನ ಮಣಿಕಟ್ಟು ನೋಡಿದ್ದ. ಐದು ಬೆರಳಿನ ಬೂದಿ ಗುರುತು, ಠಸ್ಸೆ ಒತ್ತಿದ ಹಾಗೆ ಸ್ಪಷ್ಟ. ಜಾರಿದ ಕೈ ಬೂದಿಯನ್ನು ಅಂಗೈವರೆಗೆ ಬಳಿದುಕೊಂಡು ಹೋಗುತ್ತದೆ. ಗುರುತು ಇದ್ದಲ್ಲೇ ಇದ್ದರೆ ಕೈ ತಾನಾಗಿ ಬಿಚ್ಚಿಕೊಂಡಿದೆ ಎಂದೇ ಅರ್ಥ. ಬೂದಿ ಹಿಡಿದ ಯಾರಿಗಾದರೂ ಅದು ತಿಳಿಯುತ್ತದೆ.

ಮಾನ್ವಿಯಲ್ಲಿ ಎಲುಬು ಕೂಡಿಸುವ ಪೀರಾ ಸಾಬರ ಪಡಸಾಲೆಗೆ ಗಡಿಗೆಪ್ಪನನ್ನು ಹೊತ್ತೊಯ್ದರು. ಪೀರಾ ಸಾಬರು ಅವನನ್ನು ಚಾಪೆಯ ಮೇಲೆ ಮಲಗಿಸಿ, ಬಲಗೈ ಎತ್ತಿ ನೋಡಿದರು. ಮೈಯೆಲ್ಲ ಮಣ್ಣು, ಮಣಿಕಟ್ಟು ಮಾತ್ರ ಸ್ವಚ್ಛ.

"ನೋವು ಹೆಗಲಿಗೆ. ತೊಳದಿದ್ದು ಕೈ. ಇದ್ಯಾವ ದವಾ ರೀ?" ಎಂದು ತಮಾಷೆ ಮಾಡಿದರು.

ಉರುಕುಂದಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಪೀರಾ ಸಾಬರು ಅಂಗಾಲನ್ನು ಗಡಿಗೆಪ್ಪನ ಕಂಕುಳಿಗೆ ಒತ್ತಿ, ಕೈಯನ್ನು ಜಗ್ಗಿ ತಿರುಗಿಸಿದರು. ಟಕ್ ಎಂದಿತು. ಗಡಿಗೆಪ್ಪ ಹಲ್ಲು ಕಚ್ಚಿಕೊಂಡಿದ್ದ, ಕೂಗಲಿಲ್ಲ. ಅಷ್ಟು ಹೊತ್ತೂ ಅವನ ಕಣ್ಣು ಉರುಕುಂದಪ್ಪನ ಮೇಲಿತ್ತು.

"ಕೂಡೇದ. ಆದ್ರ ಮೂರು ತಿಂಗಳು ಭಾರ ಎತ್ತಂಗಿಲ್ಲ," ಎಂದರು ಪೀರಾ ಸಾಬರು. "ಹುತುತು ಮರತುಬಿಡಪ. ಮತ್ತೊಮ್ಮೆ ತಪ್ಪಿದ್ರ ನನ್ನ ಕೈಲೆ ಆಗಂಗಿಲ್ಲ."

ಮುಂದಿನದೆಲ್ಲ ಬೇಗ ಬೇಗ ಆಯಿತು. ಜಿನ್ನಿನ ತಂಡದಲ್ಲಿ ಮೈಗೆ ಎಣ್ಣೆ ಹಚ್ಚುವುದು ಕಳ್ಳತನಕ್ಕೆ ಸಮ. ಹಚ್ಚಿದವನು ತಂಡದಲ್ಲಿ ಇರುವಂತಿಲ್ಲ, ತಂಡದಲ್ಲಿ ಇಲ್ಲದ ಮೇಲೆ ಜಿನ್ನಿನಲ್ಲಿ ಅವನಿಗೇನು ಕೆಲಸ? ಮ್ಯಾನೇಜರರು ನಾಲ್ಕನೆಯ ದಿನ ಗಡಿಗೆಪ್ಪನ ಹೆಸರಿಗೆ ಅಡ್ಡಗೆರೆ ಎಳೆದರು. ವಹೀದರು ಹಾಜರಿ ಪುಸ್ತಕ ಮುಚ್ಚಿ ಹೊರಬಂದು ಉರುಕುಂದಪ್ಪನ ಭುಜ ತಟ್ಟಿದರು.

"ಬರೋ ವಾರ ದೇವದುರ್ಗದಾಗ ಆಟ ಅದ. ನೀನೇ ನುಗ್ಗಬೇಕಪ. ಬ್ಯಾರೆ ಯಾರದಾರ ನನಗ?"

ಎರಡು ತಿಂಗಳಿಂದ ಈ ಮಾತಿಗಾಗಿ ಅವನು ಒಳಗೊಳಗೇ ಕಾದಿದ್ದ. ಈಗ ಅದು ಬಂತು. ನಾಲಿಗೆಯ ಮೇಲೆ ಬೂದಿ ಇಟ್ಟ ಹಾಗಾಯಿತು.

ಸಂಜೆ ಜಿನ್ನಿನ ಅಂಗಳದಲ್ಲಿ ಅಭ್ಯಾಸ. ಅವನು ಹುತುತು ಎನ್ನುತ್ತ ಗೆರೆ ದಾಟಿದ. ಎದುರಿಗೆ ಜೋಡಿ ಜೋಡಿಯಾಗಿ ನಿಂತವರ ಮಣಿಕಟ್ಟುಗಳೇ ಕಣ್ಣಿಗೆ ಬಿದ್ದವು, ಒಂದೊಂದರ ಮೇಲೂ ಒಬ್ಬೊಬ್ಬರ ಕೈ. ಎಂಟು ಹೆಜ್ಜೆಗೆ ಉಸಿರು ಮುರಿಯಿತು. ಮತ್ತೆ ಹೋದ, ಮತ್ತೆ ಮುರಿಯಿತು. ಮೊಣಕಾಲಿನ ನೋವು ಎಂದುಕೊಂಡರು ಎಲ್ಲರೂ. ಅವನೂ ಹೌದೆಂದ. ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ಅವನಿಗೆ ಮೊದಲು ಗೊತ್ತಿರಲಿಲ್ಲ.

"ನಿಮ್ಮ ಜಾಗ ನಿಮಗ ಬಂತಲ್ಲ," ಎಂದಳು ಯಮನಮ್ಮ, ಅವನ ಮುಂದಿನ ರೊಟ್ಟಿ ಹಾಗೇ ಒಣಗಿದ್ದು ನೋಡಿ. "ಮತ್ಯಾಕ ಉಣವಲ್ರಿ?"

"ಹೊಟ್ಟಿ ಸರಿ ಇಲ್ಲ."

"ಆ ಹುಡುಗನ್ನ ನೋಡಿ ಬರ್ರಿ ಒಂದ್ಸಲ. ಮನಸಿಗೆ ಹತ್ತಿಸಿಕೊಂಡೀರಿ." ಅವಳ ಕಣ್ಣಿಗೆ ಗಂಡ ಒಳ್ಳೆಯವನು. ಆ ನಂಬಿಕೆಯನ್ನು ಅವನು ಎದುರಿಗೆ ಕೂತು ನೋಡಬೇಕಾಗಿತ್ತು.

ಶುಕ್ರವಾರ ಜಿನ್ನಿಗೆ ರಜೆ. ಮಾನ್ವಿಗೆ ಹೋಗುವ ಮೋಟಾರು ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಕಪ್ಪು ಹೊಲಗಳ ನಡುವೆ ನಡೆದು ಅವನು ಕುರ್ಡಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಗಡಿಗೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಬಲಗೈ ಎದೆಗೆ ಕಟ್ಟಿತ್ತು. ನಾರಿನ ಒಂದು ತುದಿ ಕಾಲ ಬೆರಳಿಗೆ, ಇನ್ನೊಂದು ಹಲ್ಲಿಗೆ, ನಡುವೆ ಎಡಗೈ. ಹಗ್ಗ ಸೊಟ್ಟಗೆ ಬರುತ್ತಿತ್ತು.

ಅವನ ತಾಯಿ ಬಸ್ಸಮ್ಮ ಜೋಳ ಹಸನು ಮಾಡುವುದನ್ನು ಬಿಟ್ಟು ಎದ್ದು ಬಂದಳು. "ಬರ್ರಿ ಯಪ್ಪಾ, ಕೂಡ್ರಿ. ಜಿನ್ನಿನಾಗಿಂದ ಬಂದೋರು ನೀವೊಬ್ರೇ." ಕಂಬಳಿ ಹಾಸಿದಳು. "ಊರ ತುಂಬ ಆಡಾಕತ್ತಾರ ನೋಡ್ರಿ, ಬಸ್ಸಮ್ಮನ ಮಗ ಎಣ್ಣಿ ಹಚ್ಚಿಕೊಂಡು ಮೋಸದ ಆಟ ಆಡ್ದ ಅಂತ. ಹೆಣ್ಣು ಕೊಡ್ತೀನಂದೋರೂ ಸುಮ್ಮನಾದ್ರು. ಈ ತುಟ್ಟಿ ಕಾಲದಾಗ ಒಗ್ಗರಣಿಗೆ ಎಣ್ಣಿ ಇಲ್ಲ ನಮ್ಮ ಮನ್ಯಾಗ. ಮೈಗೆ ಎಲ್ಲಿಂದ ತರ್ಲ್ಯೋ ಯಪ್ಪಾ? ನೀವಾದ್ರೂ ಜಿನ್ನಿನೋರಿಗೆ ಹೇಳಬೇಕಿತ್ತು."

ಉರುಕುಂದಪ್ಪ ನೆಲ ನೋಡಿದ. ನಾಚಿಕೆ ಎಂದರೆ ಇದು ಎಂದು ಅವನಿಗೆ ಆ ಕಂಬಳಿಯ ಮೇಲೆ ಕೂತಾಗ ತಿಳಿಯಿತು. ಬಸ್ಸಮ್ಮ ಕಣ್ಣೊರೆಸಿಕೊಂಡು, ಬಂದವರಿಗೆ ತಣ್ಣನೆಯ ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಬಾವಿಗೆ ಹೋದಳು.

"ಗಡಿಗೆಪ್ಪ," ಎಂದ ಅವನು. "ಕೈ ಜಾರಲಿಲ್ಲ. ನಾ ಬಿಟ್ಟೆ."

ಗಡಿಗೆಪ್ಪ ಹಲ್ಲಿನಿಂದ ನಾರು ತೆಗೆದ. "ಗೊತ್ತದ."

"ಗೊತ್ತದ?"

"ನೀವು ತೊಳಿಯೋಕಿಂತ ಮೊದ್ಲು ನಾನೂ ನೋಡಿದ್ದೆ ಅಣ್ಣಾ. ಐದು ಬಟ್ಟು ಹಂಗ ಮೂಡಿದ್ವು."

"ಮತ್ಯಾಕ ಬಾಯಿ ಬಿಡಲಿಲ್ಲ? ಉಸ್ತಾದ್ರು ಅಲ್ಲೇ ಇದ್ರು."

"ಏನಂತ ಹೇಳಲಿ?" ಗಡಿಗೆಪ್ಪನ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. "ನೀವು ಹನ್ನೊಂದು ವರ್ಷದೋರು. ನಾ ಮೊನ್ನಿ ಬಂದವ. ಗುರುತು ಇತ್ತಂದ್ರ ತೋರಿಸಬೇಕಿತ್ತು. ಅದನ್ನ ನೀವು ತೊಳದುಬಿಟ್ಟಿದ್ರಿ."

ಅವನು ಸೊಟ್ಟ ಹಗ್ಗವನ್ನು ಬಿಚ್ಚತೊಡಗಿದ. ಎಳೆ ಸಿಕ್ಕಾಗಿತ್ತು. ಉರುಕುಂದಪ್ಪ ಅಭ್ಯಾಸಬಲದಿಂದ ಒಂದು ತುದಿ ಹಿಡಿಯಲು ಕೈ ಚಾಚಿದ. ಗಡಿಗೆಪ್ಪ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡ.

"ತಪ್ಪಾತಪ," ಎಂದ ಉರುಕುಂದಪ್ಪ. "ಬೇಕಾದ್ದು ಅನ್ನು. ಹೊಡೀ."

"ಯಾವ ಕೈಲೆ ಹೊಡೀಲಿ?" ಎಂದ ಗಡಿಗೆಪ್ಪ. ಎಳೆ ಬಿಡಿಸುತ್ತ, "ನನಗ ಹೇಳಿ ಏನ್ ಬಂತು ಅಣ್ಣಾ, ನನಗ ಮೊದ್ಲೇ ಗೊತ್ತಿತ್ತು. ಗೊತ್ತಿಲ್ಲದೋರಿಗೆ ಹೇಳ್ರಿ. ನಿಮಗ ಮಣಿಕಟ್ಟು ಕೊಡೋರಿಗೆ ಹೇಳ್ರಿ," ಎಂದ.

ಬಸ್ಸಮ್ಮ ತಂದ ನೀರನ್ನು ಉರುಕುಂದಪ್ಪ ಕುಡಿದ. ಬೇಡವೆನ್ನಲು ಧೈರ್ಯ ಸಾಲಲಿಲ್ಲ.

ದೇವದುರ್ಗಕ್ಕೆ ಜಿನ್ನಿನ ಲಾರಿ ಹೊರಟಿತು. ಮಹಾಯುದ್ಧದಿಂದಾಗಿ ಪೆಟ್ರೋಲಿಗೆ ಬರ ಬಂದು, ಇದ್ದಿಲಿನ ಅನಿಲದಿಂದ ಓಡಲೆಂದು ಲಾರಿಗೆ ಒಲೆ ಕಟ್ಟಿದ್ದರು. ಏರು ಬಂದರೆ ಎಲ್ಲರೂ ಇಳಿದು ನೂಕಬೇಕು. ಉಳಿದವರು ನಗುತ್ತ ನೂಕಿದರು. ಉರುಕುಂದಪ್ಪ ದಾರಿಯುದ್ದಕ್ಕೂ ಬಾಯಿ ತೆರೆಯಲು ನೋಡಿದ. ಮೊದಲ ಏರಿನಲ್ಲಿ ಹೇಳುವೆನೆಂದುಕೊಂಡ, ಆಮೇಲೆ ಎರಡನೆಯದರಲ್ಲಿ. ಊರೇ ಬಂತು. ಮೈದಾನದ ಅಂಚಿಗೆ ವಹೀದರು ಬೂದಿ ಚೀಲ ಬಿಚ್ಚಿದರು. ಅಯ್ಯಣ್ಣ ಮೊದಲು ಅಂಗೈ ಒಡ್ಡಿದ. ಅವನ ನಂತರ ಉರುಕುಂದಪ್ಪನ ಸರದಿ.

ಅವನು ಕೈ ಒಡ್ಡಲಿಲ್ಲ.

"ಗಡಿಗೆಪ್ಪ ಎಣ್ಣಿ ಹಚ್ಚಿರಲಿಲ್ರಿ ಉಸ್ತಾದ್ರೇ," ಎಂದ. "ನಾ ಬೇಕಂತಲೇ ಕೈ ಬಿಟ್ಟೆ. ಅವನ ಮಣಿಕಟ್ಟಿನ ಮ್ಯಾಲ ನನ್ನ ಬಟ್ಟು ಮೂಡಿದ್ವು. ನೀವು ನೋಡಬಾರದು ಅಂತ ತೊಳದೆ."

ವಹೀದರ ಮುಷ್ಟಿಯಲ್ಲಿದ್ದ ಬೂದಿ ಬೆರಳ ಸಂದಿಯಿಂದ ಸುರಿಯುತ್ತಲೇ ಇತ್ತು. ಆಚೆ ದೇವದುರ್ಗದವರು ಆಗಲೇ ಹಲಗೆ ಬಡಿಯುತ್ತಿದ್ದರು.

"ಯಾಕ?" ಎಂದರು ಅವರು.

"ಜನ ಅವನ್ನ ಕೂಗಿದ್ರು. ತಾಳಲಿಲ್ಲ ನನಗ."

ಇಷ್ಟು ದಿನ ದೊಡ್ಡದಾಗಿ ಎದೆಯಲ್ಲಿ ಕೂತಿದ್ದ ಕಾರಣ, ಬಾಯಿಂದ ಹೊರಗೆ ಬಂದಾಗ ಅಷ್ಟು ಸಣ್ಣದಾಗಿತ್ತು. ಅವನಿಗೇ ಕೇಳಲು ಹೇಸಿಗೆಯಾಯಿತು. ಎಣ್ಣೆಯ ಮಾತು ಮೊದಲು ಎತ್ತಿದ್ದ ಅಯ್ಯಣ್ಣನ ಮುಖ ಕಪ್ಪಿಟ್ಟಿತು. ಅವನು ಏನೋ ಬೈಯಲು ಬಾಯಿ ತೆರೆದು, ಬೂದಿಗೈ ಮುಷ್ಟಿ ಮಾಡಿ ಪಕ್ಕಕ್ಕೆ ತಿರುಗಿದ.

"ನಾಳೆ ಈ ಲಾರಿ ಕುರ್ಡಿಗೆ ಹೋಗತದ," ಎಂದರು ವಹೀದರು. "ಹುಡುಗನ್ನ ನೀನೇ ಕರಕೊಂಡ ಬರಬೇಕು. ಮ್ಯಾನೇಜರ್ ಸಾಬ್ ಮುಂದ ಇದ್ದದ್ದು ಇದ್ದಂಗ ನೀನೇ ಹೇಳಬೇಕು. ಆಟ ಇಲ್ಲಂದ್ರೂ ಹತ್ತಿ ತೂಗೋ ಕೆಲಸಕ್ಕ ಒಂದು ಕೈ ಸಾಕು ಅವನಿಗೆ. ಹಾಜರಿ ಪುಸ್ತಕದಾಗ ನಿನ್ನ ಹೆಸರು ಉಳೀತದೋ ಇಲ್ಲೋ ನನಗ ಗೊತ್ತಿಲ್ಲ."

"ಹೂಂರಿ."

"ಇವತ್ತ ಆಳು ಕಡಿಮಿ ಅದಾರ. ಅಂಗಳಕ್ಕ ಇಳಿ. ಗೆರೆ ದಾಟಬ್ಯಾಡ." ಅವರು ಚೀಲದ ಬಾಯಿ ಕಟ್ಟಿದರು. ಅವನ ಅಂಗೈಗೆ ಬೂದಿ ಹಾಕಲಿಲ್ಲ.

ಎಲ್ಲರೂ ಜೋಡಿಯಾದರು. ಉರುಕುಂದಪ್ಪ ಒಂದು ಮೂಲೆಗೆ ನಿಂತ. ಅವನ ಪಕ್ಕಕ್ಕೆ ನಿಲ್ಲಬೇಕಾದವನು ಅಯ್ಯಣ್ಣ. ಅಯ್ಯಣ್ಣ ಬಂದು ನಿಂತ, ಆದರೆ ಮಣಿಕಟ್ಟು ಕೊಡಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ದುರುಗಪ್ಪ ಆಚೆಯ ಗೆರೆಯ ಹತ್ತಿರ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಉಸಿರು ಎಳೆಯುತ್ತಿದ್ದ. ಉರುಕುಂದಪ್ಪನ ಕೈ ಗಾಳಿಯಲ್ಲಿ ಹಾಗೇ ಇತ್ತು. ಅದನ್ನು ಮಡಚಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ.

ಹುತುತು ಎಂದು ದುರುಗಪ್ಪ ಗೆರೆ ದಾಟಿದ. ಆಗ ಅಯ್ಯಣ್ಣ ಬೂದಿಗೈ ಮುಂದೆ ತಂದು ಉರುಕುಂದಪ್ಪನ ಮಣಿಕಟ್ಟನ್ನು ಹಿಡಿದ. ಎಲುಬು ನೋಯುವ ಹಾಗೆ ಹಿಡಿದ.

"ಹೋಗು," ಎಂದ, ಅವನ ಮುಖ ನೋಡದೆ. "ನಾ ಬಿಡಂಗಿಲ್ಲ."

ಉರುಕುಂದಪ್ಪ ಮುಂದೆ ಬಿದ್ದ. ಹನ್ನೊಂದು ವರ್ಷದಲ್ಲಿ ಅವನು ಯಾರಿಗೂ ಮಣಿಕಟ್ಟು ಕೊಟ್ಟಿರಲಿಲ್ಲ. ಕಲ್ಲಿನಂಥ ಆ ಸೊಂಟವನ್ನು ಎಡಗೈಯಲ್ಲಿ ಬಳಸಿದಾಗ ಹೆಗಲು ಕಿತ್ತುಬರುವಂತೆ ಜಗ್ಗಿತು. ಇದೇ ಗಳಿಗೆ, ಇದೇ ಜಗ್ಗು. ಹಿಂದಿನ ಕೈ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ದುರುಗಪ್ಪ ಎಳೆದ, ಒದರಿದ, ಮತ್ತೆ ಎಳೆದ. ಗೆರೆಗೆ ಒಂದು ಗೇಣು ಇರುವಾಗ ಅವನ ಉಸಿರು ಮುರಿಯಿತು. ಆಮೇಲೂ ಒಂದು ಗಳಿಗೆ ಹಿಂದಿನ ಕೈ ಬಿಡಲಿಲ್ಲ. ಬಿಟ್ಟಾಗ ಅಯ್ಯಣ್ಣ ತನ್ನ ಜಾಗಕ್ಕೆ ಹೋದ.

ಆಟದಲ್ಲಿ ಜಿನ್ನಿನವರು ಸೋತರು. ವಾಪಸು ಬರುವಾಗ ಲಾರಿಯಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ಏರು ಬಂದಾಗ ಅವನೇ ಮೊದಲು ಇಳಿದು ನೂಕಿದ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಯಮನಮ್ಮ ತುಂಬಿದ ತಂಬಿಗೆ ತಂದು ಬಾಗಿಲಲ್ಲಿಟ್ಟಳು. "ಕೈಕಾಲು ತೊಳಕೊಳ್ರಿ. ಏನಾತು ಆಟ?"

"ಹೇಳತೀನಿ ಕೂಡು. ಆಟದ ಮಾತಲ್ಲ," ಎಂದ ಅವನು.

ಅವಳು ಹೊಸ್ತಿಲ ಮೇಲೆ ಕೂತಳು. ಅವನು ಕಾಲಿಗೆ ನೀರು ಹಾಕಿಕೊಂಡ, ಮುಖ ತೊಳೆದ. ಬಲಗೈಯನ್ನು ನೀರಿನಿಂದ ದೂರ ಹಿಡಿದಿದ್ದ. ದೀಪದ ಬೆಳಕಿನಲ್ಲಿ ಮಣಿಕಟ್ಟಿನ ಮೇಲೆ ಐದು ಬೆರಳು ಬೂದಿಯಲ್ಲಿ ಮೂಡಿದ್ದವು, ಒಂದೂ ಅಳಿಸಿರಲಿಲ್ಲ.

"ಆ ಕೈಗೆ ಏನಾಗ್ಯದ? ತೊಳೀರಿ," ಎಂದಳು ಯಮನಮ್ಮ.

"ಇರಲಿ," ಎಂದು ಅವನು ತಂಬಿಗೆಯನ್ನು ಗೋಡೆಯ ಕಡೆಗೆ ಸರಿಸಿದ.